ಗುಣಪಡಿಸುವ ಮೊದಲು ಪಾತ್ರವನ್ನು ಕೇಳುವುದು

ಫ್ಯಾನ್ ಫಿಕ್ಷನ್‌ನಲ್ಲಿ, ಅಂದರೆ ಇನ್ನೊಬ್ಬರ ಕೃತಿಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆಯಲ್ಲಿ, ಪಾತ್ರವೊಂದರ ಅಂಗವೈಕಲ್ಯ ಗುಣವಾಗುವ ಕಥೆ ಬರೆಯುವಾಗ ನಾನು ಮೊದಲು ಬರೆಯುವುದು ಒಪ್ಪಿಗೆ ಕೇಳುವ ದೃಶ್ಯ. ಅದನ್ನೂ ಎರಡು ಸಲ ಬರೆಯುತ್ತೇನೆ: ಒಂದರಲ್ಲಿ ಪಾತ್ರ ಹೂಂ ಅನ್ನುತ್ತದೆ, ಇನ್ನೊಂದರಲ್ಲಿ ಬೇಡ ಅನ್ನುತ್ತದೆ. ಬೇಡ ಅಂದ ಕೂಡಲೇ ಕಥೆ ಮುಂದೆ ಹೋಗದಿದ್ದರೆ, ಅಲ್ಲಿ ಕೇಳಿದ್ದು ಬರೀ ಶಾಸ್ತ್ರಕ್ಕೆ. ಆಗ ಕಥೆಯ ಹಂದರವನ್ನೇ ಬಿಚ್ಚಿ ಕಟ್ಟುತ್ತೇನೆ.

ಏನು ಮಾಡುತ್ತಾರೆ, ಏನು ಕಳೆದುಹೋಗಬಹುದು, ಮಾಡಿಸದಿದ್ದರೆ ಏನಾಗುತ್ತದೆ, ಯೋಚಿಸಲು ಎಷ್ಟು ದಿನವಿದೆ, ನಡುವೆ ಸಾಕು ಅನ್ನಬಹುದೇ, ಇಷ್ಟೂ ಆ ದೃಶ್ಯದಲ್ಲಿ ಬರಬೇಕು. ಮಾತು ಪಾತ್ರದ ಜೊತೆಗೇ ನಡೆಯಬೇಕು. ಪ್ರಿಯಕರನೂ ವೈದ್ಯನೂ ಬಾಗಿಲಾಚೆ ನಿಂತು ತೀರ್ಮಾನಿಸುವುದು ಎಷ್ಟೋ ಕಥೆಗಳಲ್ಲಿ ಪ್ರೀತಿಯ ಹೆಸರಲ್ಲಿ ನುಸುಳುತ್ತದೆ.

ಎಚ್ಚರ ತಪ್ಪಿದವರನ್ನು ಗುಣಪಡಿಸುವ ದೃಶ್ಯವೇ ದೊಡ್ಡ ಗುಂಡಿ. ಸುರಿಯುವ ರಕ್ತ ನಿಲ್ಲಿಸುವುದು ತುರ್ತು. ಹತ್ತು ವರ್ಷದ ಹಿಂದೆ ಮುರಿದ ಬೆನ್ನುಹುರಿ ತುರ್ತಲ್ಲ. ‘ಅವಳು ಕಣ್ಣು ಬಿಟ್ಟಾಗ ಕಾಲ್ಬೆರಳು ಅಲುಗುತ್ತಿತ್ತು, ಎಲ್ಲರೂ ಅತ್ತರು’ ಎಂಬ ಕರಡನ್ನು ನಾನು ತಿದ್ದಿದ್ದು ಹೀಗೆ:

“ಗಾಯ ಮುಚ್ಚಿದ್ದೇನೆ. ಬೆನ್ನು ಮುಟ್ಟಿಲ್ಲ. ಮುಟ್ಟಬೇಕೋ ಬೇಡವೋ ನೀನೇ ಹೇಳಬೇಕು.”
“ಮೊದಲು ನನ್ನ ವೀಲ್‌ಚೇರ್ ಎಲ್ಲಿದೆ ಹೇಳು.”

ಇಷ್ಟಾದ ಮೇಲೆ ಅವಳು ಒಪ್ಪಿದರೂ ಮರುದಿನವೇ ಓಡಿಸಬೇಡಿ. ವರ್ಷಗಟ್ಟಲೆ ಭಾರ ಹೊರದ ಕಾಲಿನಲ್ಲಿ ಸ್ನಾಯು ಸವೆದಿರುತ್ತದೆ, ಮೂಳೆ ಸಾಂದ್ರತೆ ಇಳಿದಿರುತ್ತದೆ, ಕೀಲು ಬಿಗಿದಿರಬಹುದು. ಎದ್ದು ನಿಂತರೆ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದು. ಮಂತ್ರ ನರ ಜೋಡಿಸಿತು ಅಂದರೆ ನರ ಮಾತ್ರ ಜೋಡಿಸಿತು. ಕಿವುಡರಿಗೆ ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಕೂಡ ಶಸ್ತ್ರಚಿಕಿತ್ಸೆಯ ದಿನವೇ ಮಾತು ಕೇಳಿಸುವ ಸಾಧನವಲ್ಲ. ಸಾಮಾನ್ಯವಾಗಿ ಅದನ್ನು ಚಾಲೂ ಮಾಡುವುದೇ ಕೆಲವು ವಾರ ಬಿಟ್ಟು. ಮೊದಮೊದಲು ಮಾತು ಯಂತ್ರದ ಸದ್ದಿನಂತೆ ಕೇಳಿಸಬಹುದು, ತಿಂಗಳುಗಟ್ಟಲೆ ಅಭ್ಯಾಸ ಬೇಕು, ಆ ಕಿವಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಶ್ರವಣವೂ ಹೋಗಬಹುದು. ಹೊರಗಿನ ಭಾಗ ತೆಗೆದಿಟ್ಟು ಮಲಗಿದರೆ ಮತ್ತೆ ನಿಶ್ಶಬ್ದ. ಹಾಗಾಗಿ ಗುಣವಾದ ಪಾತ್ರದ ಸಂಜ್ಞಾ ಭಾಷೆಯನ್ನು ಕಥೆಯಿಂದ ಅಳಿಸುವುದು ನನಗೆ ಒಪ್ಪಿಗೆಯಿಲ್ಲ.

ಮೂಲದಲ್ಲೇ ಪಾತ್ರ ಗುಣವಾಗಿದ್ದರೆ ಎಲ್ಲಿಂದ ಕವಲೊಡೆಯಬೇಕು ಎಂದು ಮೊದಲೇ ಗಟ್ಟಿಮಾಡಿಕೊಳ್ಳುತ್ತೇನೆ. ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ ಬ್ಯಾಟ್‌ಗರ್ಲ್ ಬಾರ್ಬರಾ ಗಾರ್ಡನ್ 1988ರಲ್ಲಿ ಗುಂಡೇಟು ತಿಂದು ನಡೆಯಲಾರದಾದಳು, 1989ರಿಂದ ಒರಾಕಲ್ ಎಂಬ ಹೆಸರಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಹಿತಿ ಜಾಲ ನಡೆಸಿದಳು. 2011ರಲ್ಲಿ ಡಿಸಿ ಕಾಮಿಕ್ಸ್ ಅವಳನ್ನು ಮತ್ತೆ ನಡೆಸಿತು. ನಡೆಯುವ ಬಾರ್ಬರಾಳನ್ನು ಬರೆಯುವುದಾದರೆ ಒರಾಕಲ್‌ನ ಕೆಲಸ ಯಾರ ಕೈಗೆ ಹೋಯಿತು, ಬಿಡುವಾಗ ಅವಳಿಗೆ ಏನನ್ನಿಸಿತು, ಇದಕ್ಕೊಂದು ಅಧ್ಯಾಯವನ್ನಾದರೂ ಕೊಡುತ್ತೇನೆ.

ಟ್ಯಾಗ್, ಅಂದರೆ ಕಥೆಯಲ್ಲಿ ಏನಿದೆ ಎಂದು ಮೊದಲೇ ಹೇಳುವ ಗುರುತುಪದಗಳ ವಿಷಯ: ಫ್ಯಾನ್ ಫಿಕ್ಷನ್ ಜಾಲತಾಣ ಆರ್ಕೈವ್ ಆಫ್ ಅವರ್ ಓನ್‌ನ ಕಡ್ಡಾಯ ಎಚ್ಚರಿಕೆಗಳಲ್ಲಿ ಒಪ್ಪಿಗೆಯಿಲ್ಲದ ಚಿಕಿತ್ಸೆಗೆ ಪ್ರತ್ಯೇಕ ಹೆಸರಿಲ್ಲ. ನಾವೇ ಸೇರಿಸಬೇಕು. ‘ಅಂಗವೈಕಲ್ಯ’ ಅಂತಷ್ಟೇ ಹಾಕಿದರೆ ತನ್ನಂಥ ಪಾತ್ರ ಹುಡುಕಿ ಬಂದ ಓದುಗರಿಗೆ ಹನ್ನೆರಡನೇ ಅಧ್ಯಾಯದಲ್ಲಿ ಆ ಪಾತ್ರವೇ ಸಿಗುವುದಿಲ್ಲ. ‘ಕೊನೆಗೆ ಗುಣವಾಗುತ್ತದೆ’ ಎಂದು ಮೊದಲೇ ಬರೆಯುತ್ತೇನೆ, ಕಥೆಯ ಗುಟ್ಟು ಬಿಟ್ಟುಕೊಟ್ಟಂತಾದರೂ.