ನುಡಿ ಕಡತವನ್ನು ಸ್ಕ್ರೀನ್ ರೀಡರ್‌ಗೆ ಸಿದ್ಧಪಡಿಸುವುದು

ಕನ್ನಡದ ವರ್ಡ್ ಕಡತ ಬಂದಾಗ ನಾನು ಮೊದಲು ನೋಡುವುದು ಫಾಂಟ್. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ‘ನುಡಿ 01 ಇ’ ಥರದ ಹಳೆಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು) ಇದ್ದರೆ, ಕಣ್ಣಿಗೆ ಕಾಣುವುದಷ್ಟೇ ಕನ್ನಡ. ಒಳಗೆ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ‘ನ’ ಇರಬೇಕಾದಲ್ಲಿ ಪೌಂಡ್ ಚಿಹ್ನೆ ಕೂತಿರುತ್ತದೆ. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಎನ್‌ವಿಡಿಎ ಅದನ್ನೇ ಓದುತ್ತದೆ, ಅಂಧ ಓದುಗರಿಗೆ ಒಂದು ಪದವೂ ದಕ್ಕುವುದಿಲ್ಲ. ಅನುಮಾನವಿದ್ದರೆ ಒಂದು ಸಾಲನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ: ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ವ್ಯವಸ್ಥೆ.

ಆಸ್ಕಿಯಿಂದ ಯೂನಿಕೋಡ್‌ಗೆ ತರುವ ಪರಿವರ್ತಕ ನುಡಿಯಲ್ಲೂ ಇದೆ, ‘ಬರಹ’ ತಂತ್ರಾಂಶದಲ್ಲೂ ಇದೆ. ಆದರೆ ಒತ್ತಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗಿ ಬರುತ್ತವೆ. ಅದಕ್ಕೇ ಅವಕ್ಕೆ ಮೊದಲೇ ಬಣ್ಣದ ಗುರುತು ಹಾಕಿ, ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಆಮೇಲೆ ತಿದ್ದುತ್ತೇನೆ. ಅರ್ಕಾವೊತ್ತು ಇನ್ನೊಂದು ತೊಡಕು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ‘ಧರ್ಮ’, ‘ಕಾರ್ಯ’, ‘ವರ್ಷ’ ಇರುವ ಸಾಲುಗಳನ್ನು ಒಂದೊಂದಾಗಿ ನೋಡಲೇಬೇಕು.

ಯೂನಿಕೋಡ್‌ನಲ್ಲೇ ಟೈಪಾದ ಕಡತದಲ್ಲೂ ಕಣ್ಣಿಗೆ ಬೀಳದ ಒಂದು ದೋಷ ಇರುತ್ತದೆ: ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ. ‘ಬೆ೦ಗಳೂರು’ ನೋಡಲು ಸರಿಯಾಗಿಯೇ ಇದೆ, ಆದರೆ ಸ್ಕ್ರೀನ್ ರೀಡರ್‌ಗೆ ಅದು ನಡುವೆ ಅಂಕಿ ಸಿಕ್ಕಿಸಿದ ಮುರುಕು ಪದ, ಹುಡುಕಿದರೂ ಸಿಗುವುದಿಲ್ಲ. ಸೊನ್ನೆಯನ್ನು ಹುಡುಕುತ್ತಾ ಹೋಗಿ. ಹಿಂದೆ ಅಂಕಿ ಇದ್ದರೆ ಬಿಡಿ, ಅಕ್ಷರ ಇದ್ದರೆ ಅನುಸ್ವಾರ ಹಾಕಿ. ‘ಎಲ್ಲವನ್ನೂ ಬದಲಿಸು’ ಒತ್ತಿದರೆ ‘೧೦’ ಕೂಡ ಕೆಡುತ್ತದೆ. ವಿಸರ್ಗದ ಜಾಗದಲ್ಲಿ ಕೋಲನ್ ಹಾಕುವುದೂ ಇದೇ ಜಾತಿಯ ತಪ್ಪು.

ಅಕ್ಷರ ಸರಿಹೋದ ಮೇಲೆಯೇ ರಚನೆಯ ಕೆಲಸ. ದಪ್ಪ ಅಕ್ಷರ ಮಾಡಿದ ಮಾತ್ರಕ್ಕೆ ಶೀರ್ಷಿಕೆ ಆಗುವುದಿಲ್ಲ. ಕಂಟ್ರೋಲ್, ಆಲ್ಟ್ ಜೊತೆಗೆ 1, 2, 3 ಒತ್ತಿ ಹೆಡಿಂಗ್ ಸ್ಟೈಲ್ ಕೊಡಿ. ಆಗ ಓದುಗರು ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ (ಕೀಲಿ ಒತ್ತಿದರೆ ಟೈಪಾಗದೆ ಕಡತದೊಳಗೆ ಓಡಾಡುವ ಸ್ಥಿತಿ) ‘ಎಚ್’ ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗಬಹುದು. ಜಾಗ ಬಿಡಲು ಎಂಟರ್ ಒತ್ತಬೇಡಿ, ಪ್ರತಿ ಖಾಲಿ ಸಾಲಿಗೂ ‘ಬ್ಲ್ಯಾಂಕ್’ ಎಂದು ಕೇಳಬೇಕಾಗುತ್ತದೆ. ಪ್ಯಾರಾ ಅಂತರವನ್ನು ಸ್ಟೈಲ್‌ನಲ್ಲೇ ಹೊಂದಿಸಿ. ಕನ್ನಡಕ್ಕೆ ಕನ್ನಡ, ಇಂಗ್ಲಿಷಿಗೆ ಇಂಗ್ಲಿಷ್ ಎಂದು ಪ್ರೂಫಿಂಗ್ ಭಾಷೆ ಗುರುತಿಸಿದರೆ ಧ್ವನಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಕೋಷ್ಟಕದಲ್ಲಿ ವಿಲೀನಗೊಳಿಸಿದ ಕೋಶಗಳನ್ನು ಬಿಡಿಸಿ, ಮೊದಲ ಸಾಲನ್ನು ‘ರಿಪೀಟ್ ಆ್ಯಸ್ ಹೆಡರ್ ರೋ’ ಮಾಡಿ. ಚಿತ್ರಗಳನ್ನು ‘ಇನ್ ಲೈನ್ ವಿತ್ ಟೆಕ್ಸ್ಟ್’ ಇಟ್ಟು ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲು ಓದಿ ಹೇಳುವ ವಿವರಣೆ) ಬರೆಯಿರಿ. ‘ನಕ್ಷೆ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ, ನಕ್ಷೆ ಹೇಳುವ ವಿಷಯ ಬರೆಯಬೇಕು. ಅಲಂಕಾರದ ಗೆರೆ, ಹೂವುಗಳಿಗೆ ‘ಡೆಕೊರೇಟಿವ್’ ಗುರುತು ಸಾಕು.

ಪಿಡಿಎಫ್ ಬೇಕೇ ಬೇಕೆಂದರೆ ‘ಸೇವ್ ಆ್ಯಸ್’ ಮೂಲಕವೇ ಮಾಡಿ. ಆಪ್ಷನ್ಸ್‌ನಲ್ಲಿ ‘ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್’ ಆಯ್ಕೆ ಇರಲಿ. ‘ಪ್ರಿಂಟ್ ಟು ಪಿಡಿಎಫ್’ ಮಾಡಿದರೆ ಕೊಟ್ಟ ಶೀರ್ಷಿಕೆಗಳೆಲ್ಲ ಹೋಗುತ್ತವೆ. ಟ್ಯಾಗ್ ಇದ್ದರೂ ಕನ್ನಡದ ಒತ್ತಕ್ಷರ, ಸ್ವರಚಿಹ್ನೆಗಳು ಪಿಡಿಎಫ್‌ನಲ್ಲಿ ಹಿಂದುಮುಂದಾಗುವುದುಂಟು. ಹಾಗಾಗಿ ವರ್ಡ್ ಅಥವಾ ಇಪಬ್ (ಇ-ಪುಸ್ತಕ) ಪ್ರತಿಯನ್ನೂ ಜೊತೆಗೆ ಕೊಡಿ ಎಂದೇ ನಾನು ಒತ್ತಾಯಿಸುವುದು. ಸ್ಕ್ಯಾನ್ ಮಾಡಿದ ಪುಟವಾದರೆ ಸ್ಪಷ್ಟತೆಯನ್ನು 300 ಡಿಪಿಐ ಇಟ್ಟು ಒಸಿಆರ್ ಮಾಡಿ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸಿ), ‘ಪ’ ಮತ್ತು ‘ವ’, ‘ಷ’ ಮತ್ತು ‘ಘ’ ಅದಲುಬದಲಾಗಿವೆಯೇ ನೋಡಿ. ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಹೀಗೆ ರೂಪಾಂತರಿಸಲು 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ ಅವಕಾಶವಿದೆ.

ಕೊನೆಯ ಕರಡು ತಿದ್ದುವಿಕೆ ಕಿವಿಯಿಂದ. ಎನ್‌ವಿಡಿಎ ಉಚಿತ, ಅದರಲ್ಲಿರುವ ಇ-ಸ್ಪೀಕ್ ಎಂಬ ಧ್ವನಿಗೆ ಕನ್ನಡ ಬರುತ್ತದೆ. ಇನ್ಸರ್ಟ್ ಜೊತೆ ‘ಪಿ’ ಒತ್ತಿ ಎಲ್ಲ ಚಿಹ್ನೆಗಳನ್ನೂ ಓದುವಂತೆ ಮಾಡಿ, ವೇಗ ಇಳಿಸಿ. ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಶೀರ್ಷಿಕೆಗಳ ಪಟ್ಟಿ ಬರುತ್ತದೆ. ಅದನ್ನಷ್ಟೇ ಕೇಳಿ ಕಡತದ ಹಂದರ ತಿಳಿಯದಿದ್ದರೆ ಶೀರ್ಷಿಕೆಗಳ ಮಟ್ಟವನ್ನು ಮತ್ತೆ ಸರಿಪಡಿಸಿ. ಬಳಿಕ ಕೋಷ್ಟಕದೊಳಗೆ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿ ಹಿಡಿದು ಓಡಾಡಿ: ಅಂಕಿಯ ಜೊತೆಗೆ ಅದರ ಅಂಕಣದ ಹೆಸರೂ ಕೇಳಿಸಬೇಕು.