ಲೋಕಲ್ ಟ್ರೇನಿನಲ್ಲಿ ಕಲಿತ ಕಣ್ಕಟ್ಟು

ಮುಂಬೈನ ಲೋಕಲ್ ಟ್ರೇನಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ದಿನಾ ಹೋಗಿ ಬರುತ್ತೇನೆ. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ, ಅಂದರೆ ಫೋರ್ಥ್ ಸೀಟಿನ ತುದಿಯಲ್ಲಿ ಅರ್ಧ ಕೂತು, ಎದುರಿಗಿರುವವರಿಗೆ ಹತ್ತು ರೂಪಾಯಿಯ ನಾಣ್ಯ ಮಾಯ ಮಾಡಿ ತೋರಿಸುತ್ತೇನೆ. ಆರು ವರ್ಷದಿಂದ ಇದು ನಡೆದಿದೆ. ವೇದಿಕೆಯ ಜಾದೂ ನನಗೆ ಬೇಡ. ಒಂದು ಮೊಳ ದೂರದಲ್ಲಿ ಕೂತವರ ಮುಖ ಅರಳುವುದನ್ನು ನೋಡಬೇಕು, ಅಷ್ಟೇ ಆಸೆ.

ಶುರು ಮಾಡಿದ್ದು ಇಸ್ಪೀಟು ಎಲೆಗಳಿಂದ. ಆದರೆ ಲೋಕಲ್‌ನಲ್ಲಿ ಎಲೆ ಹರಡಲು ಜಾಗ ಎಲ್ಲಿದೆ? ಅಲ್ಲದೆ ಅಪರಿಚಿತರ ಮುಂದೆ ಕಟ್ಟು ತೆಗೆದರೆ ಮೊದಲು ಜೂಜು ನೆನಪಾಗುತ್ತದೆ. ನಾಣ್ಯ ಹಾಗಲ್ಲ. ಅದು ಎಲ್ಲರ ಜೇಬಿನಲ್ಲೂ ಇರುತ್ತದೆ.

ಯಾವ ನಾಣ್ಯ ಎನ್ನುವುದು ಮುಖ್ಯ. ಅಂಗೈಯಲ್ಲಿ ನಾಣ್ಯ ಅಡಗಿಸುವುದಕ್ಕೆ ಪಾಮ್ ಮಾಡುವುದು ಅಂತಾರೆ. ಹೆಬ್ಬೆರಳ ಬುಡದ ಉಬ್ಬು ಒಂದು ಕಡೆ, ಕಿರುಬೆರಳ ಕೆಳಗಿನ ಉಬ್ಬು ಇನ್ನೊಂದು ಕಡೆ. ನಡುವೆ ನಾಣ್ಯದ ಅಂಚು ಸಿಕ್ಕಿ ನಿಲ್ಲಬೇಕು. ಒಂದು ರೂಪಾಯಿ ತೀರಾ ಚಿಕ್ಕದು, ಜಾರುತ್ತದೆ. ಅಮೆರಿಕದ ಜಾದೂಗಾರರು ಬಳಸುವ ಹಾಫ್ ಡಾಲರ್ 30.6 ಮಿಲಿಮೀಟರ್ ಅಗಲ. ನಮ್ಮ ಹತ್ತು ರೂಪಾಯಿ 27 ಮಿಲಿಮೀಟರ್. ನನ್ನ ಕೈಗೆ ಅದೇ ಸರಿಹೋಯಿತು. ಎರಡು ಬಣ್ಣ ಇರುವುದರಿಂದ ದೂರಕ್ಕೂ ಚೆನ್ನಾಗಿ ಕಾಣುತ್ತದೆ.

ಮೂರು ತಿಂಗಳು ಯಾರಿಗೂ ತೋರಿಸಲಿಲ್ಲ. ಅಂಗೈಯಲ್ಲಿ ನಾಣ್ಯ ಇಟ್ಟುಕೊಂಡೇ ಕಟಿಂಗ್ ಚಾಯ್ ಕುಡಿದೆ, ಲಿಫ್ಟ್ ಗುಂಡಿ ಒತ್ತಿದೆ, ಫೋನಿನಲ್ಲಿ ಮಾತಾಡಿದೆ. ಮುಂಬೈ ಮಳೆಗಾಲದಲ್ಲಿ ಕೈ ಬೆವರಿ ನಾಣ್ಯ ಅಂಟಿಕೊಳ್ಳುತ್ತದೆ, ಬೇಕಾದಾಗ ಬಿಡುವುದಿಲ್ಲ. ಆಫೀಸಿನ ಏಸಿಯಲ್ಲಿ ಕೈ ಒಣಗಿ ಬಿದ್ದೇ ಹೋಗುತ್ತದೆ. ಎರಡೂ ಕಡೆ ಅಭ್ಯಾಸ ಬೇಕು.

ಕನ್ನಡಿಯನ್ನು ಮಾತ್ರ ನಂಬಬೇಡಿ. ಗುಟ್ಟಿನ ಚಲನೆ ಮಾಡುವ ಕ್ಷಣಕ್ಕೆ ಸರಿಯಾಗಿ ನಾನು ಕಣ್ಣು ಮಿಟುಕಿಸುತ್ತಿದ್ದೆ. ಕಣ್ಣು ಮುಚ್ಚಿದ್ದರಿಂದ ನನ್ನ ತಪ್ಪು ನನಗೇ ಕಾಣುತ್ತಿರಲಿಲ್ಲ! ಫೋನಿನಲ್ಲಿ ವಿಡಿಯೋ ಮಾಡಿದ ಮೇಲೆ ಗೊತ್ತಾಯಿತು.

ಮೊದಲು ಕಲಿತದ್ದು ಫ್ರೆಂಚ್ ಡ್ರಾಪ್. ಎಡಗೈ ಬೆರಳ ತುದಿಯಲ್ಲಿ ನಾಣ್ಯ ಹಿಡಿಯುತ್ತೇವೆ. ಬಲಗೈ ಅದನ್ನು ಎತ್ತಿಕೊಳ್ಳಲು ಬರುತ್ತದೆ, ಹೆಬ್ಬೆರಳು ಕೆಳಗಿನಿಂದ, ಉಳಿದ ಬೆರಳು ಮುಂದಿನಿಂದ. ಬಲಗೈ ಬೆರಳುಗಳು ನಾಣ್ಯಕ್ಕೆ ಮರೆಯಾದ ತಕ್ಷಣ ಎಡಗೈ ಅದನ್ನು ಬಿಡುತ್ತದೆ. ಅದು ಎಡಗೈಯ ಬೆರಳ ಬುಡಕ್ಕೇ ಬೀಳುತ್ತದೆ. ಬಲಗೈ ಖಾಲಿ ಮುಷ್ಟಿ ಕಟ್ಟಿ ದೂರ ಸರಿಯುತ್ತದೆ. ಹೇಳುವುದಕ್ಕೆ ಇಷ್ಟೇ.

ಮೊದಲು ತೋರಿಸಿದ್ದು ನನ್ನ ರೂಮಿನಲ್ಲೇ ಇದ್ದ ಕುಂದಾಪುರದ ಗೆಳೆಯನಿಗೆ. ಅವನು ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಭಟ್ರು. ದಿನಕ್ಕೆ ನೂರಾರು ದೋಸೆ ಹೊಯ್ಯುವವನು, ಕೈ ಹೇಗೆ ಆಡಬೇಕು ಅಂತ ಬಲ್ಲ. ಒಮ್ಮೆ ನೋಡಿ ಹೇಳಿದ: “ಮಾರಾಯ, ನಿನ್ನ ಎಡಗೈ ಯಾಕೆ ಕಲ್ಲಾಗಿದೆ? ಖಾಲಿ ಕೈ ಹಾಗಿರುತ್ತದಾ?” ನಿಜ. ನಾಣ್ಯ ಅಡಗಿದ ಕೈ ಬಿಗಿಯಾಗಿ ನಿಂತಿತ್ತು. ಜೊತೆಗೆ ನಾನು ಅದನ್ನೇ ಕದ್ದು ನೋಡುತ್ತಿದ್ದೆ. ಆಮೇಲೆ ಒಂದು ವಾರ ನಾಣ್ಯವನ್ನು ನಿಜವಾಗಿ ಬಲಗೈಗೆ ತೆಗೆದುಕೊಳ್ಳುವುದನ್ನೇ ಅಭ್ಯಾಸ ಮಾಡಿದೆ. ಆಗ ಎಡಗೈ ಸುಮ್ನೆ ತೊಡೆಯ ಮೇಲೆ ಬಿದ್ದಿರುತ್ತದೆ, ಕಣ್ಣು ಬಲಗೈ ಹಿಂದೆ ಹೋಗುತ್ತದೆ. ಸುಳ್ಳಿನ ಚಲನೆಯೂ ಹಾಗೇ ಇರಬೇಕು.

ಕನ್ನಡದಲ್ಲಿ ಇದಕ್ಕೆ ಎರಡು ಮಾತಿವೆ, ಕೈಚಳಕ ಮತ್ತು ಕಣ್ಕಟ್ಟು. ಕೈಚಳಕ ಮನೆಯಲ್ಲಿ ಒಬ್ಬನೇ ಕೂತು ಕಲಿಯಬಹುದು. ಕಣ್ಕಟ್ಟಿಗೆ ಎದುರಿಗೆ ಇನ್ನೊಬ್ಬರ ಕಣ್ಣು ಬೇಕು. ಗೆಳೆಯರು ಹಿಡಿಯಲೆಂದೇ ನೋಡುತ್ತಾರೆ, ಹಾಗಾಗಿ ತಪ್ಪು ಗೊತ್ತಾಗುತ್ತದೆ. ಯಾವ ಕ್ಷಣದಲ್ಲಿ ಏನು ಮಾಡಬೇಕು ಎಂಬುದನ್ನು ಕಲಿಸುವವರು ಅಪರಿಚಿತರು.

ಆದರೆ ಮುಂಬೈ ಲೋಕಲ್‌ನಲ್ಲಿ ಅಪರಿಚಿತ ಮಾತಾಡಿಸಿದರೆ ಕೈ ಮೊದಲು ಜೇಬಿಗೆ ಹೋಗುತ್ತದೆ. ಅದು ಅವರ ತಪ್ಪಲ್ಲ. ನಾನು ಅಂಗಿಯ ತೋಳು ಮಡಚಿ, ಎರಡೂ ಅಂಗೈ ಕಾಣುವ ಹಾಗೆ ಕೂರುತ್ತೇನೆ. “ದಹಾ ರುಪಯಾಂಚಂ ನಾಣಂ ಆಹೇ ಕಾ?” ಅಂತ, ಅಂದರೆ ಹತ್ತು ರೂಪಾಯಿ ನಾಣ್ಯ ಇದೆಯಾ ಅಂತ, ಮರಾಠಿಯಲ್ಲಿ ಕೇಳುತ್ತೇನೆ. ಅವರದೇ ನಾಣ್ಯವಾದರೆ ಅನುಮಾನ ಕಡಿಮೆ, ಬೆರಗು ಜಾಸ್ತಿ. ಯಾರ ಚೀಲ, ಫೋನು, ಪರ್ಸು ಮುಟ್ಟುವುದಿಲ್ಲ. ಬೇಡ ಎಂದರೆ ಅಲ್ಲಿಗೇ ಬಿಡುತ್ತೇನೆ. ಒಮ್ಮೆ ಘಾಟ್ಕೋಪರ್ ದಾಟುವಾಗ ಹಿರಿಯರೊಬ್ಬರ ನಾಣ್ಯ ಕೈಜಾರಿ ಬಾಗಿಲ ಕಡೆಗೆ ಉರುಳಿ ಹೋಯಿತು. ತಕ್ಷಣ ನನ್ನ ಹತ್ತು ರೂಪಾಯಿ ಕೊಟ್ಟೆ. ಅವರು ಬೇಡ ಎಂದರೂ ಕೈಯಲ್ಲಿಟ್ಟೆ. ಪಡೆದ ನಾಣ್ಯ ವಾಪಸ್ ಹೋಗಲೇಬೇಕು. ಇದರಲ್ಲಿ ನನಗೆ ರಾಜಿಯಿಲ್ಲ.

ಸರಿಯಾದ ಕ್ಷಣ ನನಗೆ ಸಿಕ್ಕಿದ್ದು ಒಂದು ಪ್ರಶ್ನೆಯಿಂದ. “ನೀವು ಎಲ್ಲಿ ಇಳೀತೀರಿ?” ಅಂತ ಮುಖ ನೋಡಿ ಕೇಳಿದರೆ ಅವರೂ ನನ್ನ ಮುಖ ನೋಡುತ್ತಾರೆ. ಉತ್ತರ ಹುಡುಕುವ ಆ ಒಂದು ಗಳಿಗೆ ಭುಜ ಸಡಿಲವಾಗುತ್ತದೆ. ಕೆಲಸ ಆಗ ಮುಗಿಸಬೇಕು. ವೇಗ ಬೇಕಿಲ್ಲ. ಮಕ್ಕಳಿಗೆ ಮಾತ್ರ ಇದು ನಡೆಯುವುದಿಲ್ಲ. ಅವರು ಪ್ರಶ್ನೆಗೆ ತಲೆ ಎತ್ತದೆ ನಾಣ್ಯವನ್ನೇ ನೋಡುತ್ತಿರುತ್ತಾರೆ. ಅವರ ಕಣ್ಣು ಕೆಳಗಿರುವುದರಿಂದ ಅಂಗೈ ಒಳಗೂ ಕಾಣುತ್ತದೆ. ಮಕ್ಕಳಿದ್ದರೆ ಕೈ ತಗ್ಗಿಸಿ ಹಿಡಿಯುತ್ತೇನೆ.

ಒಂದೇ ಜಾದೂವನ್ನು ಒಬ್ಬರಿಗೇ ಎರಡು ಸಲ ತೋರಿಸಬಾರದು ಅಂತಾರೆ. ನನ್ನ ಬೋಗಿಯಲ್ಲಿ ದಿನಾ ಅದೇ ಗುಂಪು, ಏನು ಮಾಡಲಿ? ಕೆನಡಾದ ಜಾದೂಗಾರ ಡೈ ವರ್ನನ್ 1922ರಲ್ಲಿ ಶಿಕಾಗೋದಲ್ಲಿ ಆಗಿನ ಹೆಸರಾಂತ ಜಾದೂಗಾರ ಹೌದಿನಿಗೆ ಇಸ್ಪೀಟು ಎಲೆಯ ಒಂದೇ ಚಮತ್ಕಾರವನ್ನು ಮತ್ತೆ ಮತ್ತೆ ತೋರಿಸಿದರೂ ಅವರಿಗೆ ಗುಟ್ಟು ಸಿಗಲಿಲ್ಲ ಎಂಬ ಕಥೆ ಜಾದೂಗಾರರ ನಡುವೆ ಪ್ರಸಿದ್ಧ. ನಾನು ವರ್ನನ್ ಅಲ್ಲ, ದಾರಿ ಬದಲಿಸಿದೆ. ಒಂದು ದಿನ ಫ್ರೆಂಚ್ ಡ್ರಾಪ್. ಮರುದಿನ ಬಲಗೈಯಿಂದ ಎಡಗೈಗೆ ಹಾಕಿದ ಹಾಗೆ ಮಾಡಿ ಬಲಗೈಯಲ್ಲೇ ಪಾಮ್. ಮೂರನೇ ದಿನ ನಾಣ್ಯ ಮೆಲ್ಲಗೆ ಮಡಿಲಿಗೆ. “ಆ ಕೈ ತೋರಿಸು” ಅಂದಾಗ ಎರಡೂ ಕೈ ಖಾಲಿ! ಅವತ್ತು ಇಡೀ ಗುಂಪು ಕೂಗಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಹೋದ ಚಳಿಗಾಲದಲ್ಲಿ ಮಾಟುಂಗದ ಮೈಸೂರು ಅಸೋಸಿಯೇಶನ್‌ಗೆ ನಾಟಕ ನೋಡಲು ಹೋಗಿದ್ದೆ. ಮುಗಿದ ಮೇಲೆ ಟ್ಯಾಕ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರಿಗೆ ನಾಣ್ಯ ಮಾಯ ಮಾಡಿ ತೋರಿಸಿದೆ. “ಕಣ್ಕಟ್ಟು ಅಲ್ವಾ ಮಗ? ನನಗೂ ಹೇಳಿಕೊಡು. ಮೊಮ್ಮಗಳಿಗೆ ತೋರಿಸಬೇಕು” ಅಂದರು. ಬೆರಳ ಗಂಟುಗಳು ಊದಿಕೊಂಡಿದ್ದವು, ಆದರೆ ಫ್ರೆಂಚ್ ಡ್ರಾಪ್‌ಗೆ ಶಕ್ತಿ ಬೇಕಿಲ್ಲವಲ್ಲ. ಗೇಟಿನ ಬಳಿ ನಿಂತೇ ಹೇಳಿಕೊಟ್ಟೆ. ಮೊದಲ ಸಲ ನಾಣ್ಯ ಕೆಳಗೆ ಬಿತ್ತು. ಎರಡನೇ ಸಲ ಅಂಚು ಕಾಣಿಸಿತು. ಮೂರನೇ ಸಲ ಅವರು ತಮ್ಮ ಖಾಲಿ ಬಲಮುಷ್ಟಿಯನ್ನು ಎಷ್ಟು ಅಕ್ಕರೆಯಿಂದ ನೋಡಿದರೆಂದರೆ, ಎಲ್ಲ ಗೊತ್ತಿದ್ದ ನಾನೂ ಅದನ್ನೇ ನೋಡಿದೆ.