‘ಮಿಸ್, ಒಂದು ವಿಷಯ ಹೇಳಬೇಕಿತ್ತು’: ತರಗತಿಯಲ್ಲಿ ಆನ್‌ಲೈನ್ ಎಚ್ಚರ ಕಲಿಸುವುದು ಹೇಗೆ?

ಏಳನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಬಿಸಿಯೂಟದ ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂತು, ಹಾಗೆಯೇ ಚೆಲ್ಲಿ ಬರುತ್ತಿದ್ದಳು. ಐದನೆಯ ದಿನ ನೋಟ್‌ಬುಕ್ ತಿದ್ದಿಸಲು ಬಂದವಳು ಎಲ್ಲರೂ ಹೋಗುವ ತನಕ ನಿಂತಳು. ‘ಮಿಸ್, ಒಂದು ವಿಷಯ ಹೇಳಬೇಕಿತ್ತು. ಅಪ್ಪನಿಗೆ ಹೇಳಬೇಡಿ.’ ಮೊಬೈಲ್ ಆಟದಲ್ಲಿ ಪರಿಚಯವಾದವನೊಬ್ಬ ಫೋಟೊ ಕೇಳುತ್ತಿದ್ದ, ಕೊಡದಿದ್ದರೆ ಮನೆಗೆ ತಿಳಿಸುತ್ತೇನೆಂದು ಹೆದರಿಸುತ್ತಿದ್ದ. ಅವನಿಗಿಂತ ಅವಳಿಗೆ ಹೆಚ್ಚು ಭಯವಿದ್ದದ್ದು ಮನೆಯವರು ಶಾಲೆ ಬಿಡಿಸಿಬಿಟ್ಟಾರು ಎಂದು.

ಅಂದಿನಿಂದ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಈ ಪಾಠ ಮಾಡುವಾಗ ನಾನು ಪಾಸ್‌ವರ್ಡ್‌ನಿಂದ ಶುರು ಮಾಡುವುದಿಲ್ಲ. ಮಗು ಬಾಯಿ ಬಿಡುವಂತಾದರೆ ಉಳಿದದ್ದನ್ನು ಸರಿಪಡಿಸಲು ದಾರಿಗಳಿವೆ. ಕಂಪ್ಯೂಟರ್ ಕೊಠಡಿ ಇಲ್ಲದ ಶಾಲೆಯಲ್ಲೂ ಮಾಡಬಹುದಾದ ಕ್ರಮ ಇಲ್ಲಿದೆ.

ಮೊದಲು ಮಾತು ಕೊಡಿ

ಒಂದು ಪೀರಿಯಡ್ ಇದಕ್ಕೇ ಇಡಿ. ‘ಮೊಬೈಲ್‌ನಲ್ಲಿ ಏನೇ ಆಗಿರಲಿ, ತಪ್ಪು ನಿನ್ನದೇ ಇರಲಿ, ಬಂದು ಹೇಳಿದರೆ ನಾನು ಬೈಯುವುದಿಲ್ಲ. ತರಗತಿಯ ಎದುರು ಎತ್ತುವುದಿಲ್ಲ. ನಿನ್ನ ರಕ್ಷಣೆಗಾಗಿ ಬೇರೆಯವರಿಗೆ ತಿಳಿಸಲೇಬೇಕಾದರೆ ಮೊದಲು ನಿನಗೆ ಹೇಳುತ್ತೇನೆ’ ಎಂದು ಬಿಡಿಸಿ ಹೇಳಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತ್ರ ಆಣೆ ಮಾಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ. ಉಳಿಸಿಕೊಳ್ಳಲಾಗದ ಮಾತು ಕೊಟ್ಟರೆ ಆ ಮಗು ಮತ್ತೆಂದೂ ನಿಮ್ಮ ಬಳಿ ಬರುವುದಿಲ್ಲ. ಯಾರ ಬಳಿ ಹೇಳಿಕೊಳ್ಳಬಹುದು ಎಂದು ಒಬ್ಬ ಶಿಕ್ಷಕಿ, ಒಬ್ಬ ಶಿಕ್ಷಕರ ಹೆಸರನ್ನು ಗೋಡೆಗೆ ಅಂಟಿಸಿ. ಪಕ್ಕದಲ್ಲೇ ಮಕ್ಕಳ ಸಹಾಯವಾಣಿ 1098 ಇರಲಿ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ.

ಚೀಟಿ ಆಟ

ಒಂದು ಚೀಟಿಯಲ್ಲಿ ‘ನನಗೆ ಕತ್ತಲೆಂದರೆ ಭಯ’ ಎಂದು ಬರೆದು ಮೊದಲ ಬೆಂಚಿಗೆ ಕೊಡಿ. ಓದಿ ಮುಂದಕ್ಕೆ ದಾಟಿಸಲಿ, ಬೇಕೆನಿಸಿದವರು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ಕೊನೆಯ ಬೆಂಚು ಮುಟ್ಟಿದ ಮೇಲೆ ಚೀಟಿಯನ್ನು ವಾಪಸು ಪಡೆದು ಎಲ್ಲರೆದುರು ಹರಿಯಿರಿ. ‘ಈಗ ಅಳಿಸಿತಾ?’ ಎಂದು ಕೇಳಿ. ನಮ್ಮಲ್ಲಿ ಹುಡುಗನೊಬ್ಬ ಎದ್ದು ನಿಂತು, ‘ಇಲ್ಲ ಮಿಸ್, ನನ್ನ ಪುಸ್ತಕದಲ್ಲಿದೆ’ ಎಂದ. ಅವನ ಹಿಂದೆ ಇನ್ನೂ ಆರು ಕೈಗಳು ಮೇಲೆದ್ದವು. ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿದರೂ ಸ್ಕ್ರೀನ್‌ಶಾಟ್ ಉಳಿಯುತ್ತದೆ ಎಂಬುದನ್ನು ಆಮೇಲೆ ನಾನು ವಿವರಿಸಬೇಕಾಗಲೇ ಇಲ್ಲ.

ಬೋರ್ಡಿನ ಮೇಲೆ ಒಂದು ಫೋಟೊ

ನಿಜವಾದ ಮಗುವಿನ ಫೋಟೊ ಬಳಸಬೇಡಿ, ಸೀಮೆಸುಣ್ಣದಲ್ಲಿ ಬರೆಯಿರಿ. ಸಮವಸ್ತ್ರದ ಹುಡುಗ, ಕೊರಳಲ್ಲಿ ಗುರುತಿನ ಚೀಟಿ, ಪಕ್ಕದಲ್ಲಿ ಸೈಕಲ್, ಹಿಂದೆ ಬೇಕರಿಯ ಬೋರ್ಡು. ಕೆಳಗೆ ‘ದಿನಾ ಟ್ಯೂಷನ್ ಮುಗಿಸಿ ಇಲ್ಲೇ ಪಫ್ಸ್’ ಎಂಬ ಸಾಲು. ಅಪರಿಚಿತನಿಗೆ ಇದರಿಂದ ಏನೇನು ತಿಳಿಯುತ್ತದೆ ಎಂದು ಕೇಳಿ. ಶಾಲೆ, ಹೆಸರು, ತರಗತಿ, ಹುಡುಗ ಒಬ್ಬನೇ ಇರುವ ಹೊತ್ತು, ಜಾಗ. ಮಕ್ಕಳೇ ಒಂದೊಂದಾಗಿ ಬಂದು ಡಸ್ಟರ್‌ನಿಂದ ಅಪಾಯದ ಭಾಗಗಳನ್ನು ಒರೆಸಲಿ. ಕೊನೆಗೆ ಉಳಿಯುವುದು ನಗುವ ಮುಖ ಮತ್ತು ಸೈಕಲ್. ಅದನ್ನೂ ಗುರುತಿರುವವರಿಗಷ್ಟೇ ತೋರಿಸಿದರೆ ಸಾಕು ಎಂಬ ಮಾತು ಅವರಿಂದಲೇ ಬರುತ್ತದೆ.

ಅಪರಿಚಿತನ ಮೆಟ್ಟಿಲು

ಈ ಪಾಠಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಮೋಸ ಮಾಡುವವನು ಕೆಟ್ಟವನಂತೆ ಬರುವುದಿಲ್ಲ. ಮೊದಲು ಆಟದಲ್ಲಿ ಗೆಲ್ಲಿಸುತ್ತಾನೆ, ಹೊಗಳುತ್ತಾನೆ. ಆಮೇಲೆ ವಾಟ್ಸ್‌ಆ್ಯಪ್ ನಂಬರ್ ಕೇಳುತ್ತಾನೆ. ಮನೆಯಲ್ಲಿ ಬೈಸಿಕೊಂಡ ದಿನ ‘ನಿನ್ನನ್ನು ಅರ್ಥ ಮಾಡಿಕೊಳ್ಳುವವನು ನಾನೊಬ್ಬನೇ’ ಎನ್ನುತ್ತಾನೆ. ನಂತರ ‘ಇದು ನಮ್ಮಿಬ್ಬರ ಗುಟ್ಟು’ ಎನ್ನುತ್ತಾನೆ. ಅದಾದ ಮೇಲೆ ಫೋಟೊ, ಫೋಟೊ ಸಿಕ್ಕ ಮೇಲೆ ಬೆದರಿಕೆ. ಮೆಟ್ಟಿಲುಗಳನ್ನು ಬೋರ್ಡಿನ ಮೇಲೆ ಬರೆದು, ಯಾವ ಮೆಟ್ಟಿಲಲ್ಲಿ ನಿಲ್ಲಬೇಕು ಎಂದು ಚರ್ಚೆಗೆ ಬಿಡಿ. ‘ಮನೆಯಲ್ಲಿ ಹೇಳಬೇಡ’ ಎಂಬ ಮಾತು ಯಾರ ಬಾಯಿಂದ ಬಂದರೂ ಅದೇ ದಿನ ದೊಡ್ಡವರಿಗೆ ಹೇಳಬೇಕು, ಈ ಒಂದು ಸೂತ್ರ ಬಾಯಿಪಾಠವಾಗಲಿ. ಕೊನೆಯ ಮೆಟ್ಟಿಲು ಹತ್ತಿಬಿಟ್ಟ ಮಗುವಿಗೂ ವಾಪಸು ಇಳಿಯಲು ದಾರಿ ಇದೆ ಎಂದು ಮರೆಯದೆ ಹೇಳಿ. ಆ ಕ್ಷಣ ತರಗತಿಯಲ್ಲಿ ಅಂಥ ಮಗು ಕೂತಿರಬಹುದು. ಹುಡುಗರೂ ಈ ಬಲೆಗೆ ಬೀಳುತ್ತಾರೆ, ಅವರು ನಾಚಿಕೆಯಿಂದ ಇನ್ನೂ ತಡವಾಗಿ ಹೇಳುತ್ತಾರೆ.

ಪಾಸ್‌ವರ್ಡ್, ಒಟಿಪಿ

ಪಾಸ್‌ವರ್ಡ್‌ಗೆ ಹುಟ್ಟಿದ ದಿನ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೂಡಿಸಲು ಹೇಳಿ: ಹುಣಸೆ, ಸೈಕಲ್, ಮಳೆ, ಕಂಬಳಿ. ಬೋರ್ಡಿನ ಮೇಲೆ ಬರೆದ ಉದಾಹರಣೆಯನ್ನೇ ಯಾರೂ ಇಟ್ಟುಕೊಳ್ಳಬಾರದು. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಬಂದ ಒಟಿಪಿಯನ್ನು ಓದಿ ಹೇಳುವುದು ಏಳನೇ ತರಗತಿಯ ಮೊಮ್ಮಗಳೇ. ಹಣ ಕಳಿಸಲು ಯುಪಿಐ ಪಿನ್ ಬೇಕು, ಪಡೆಯಲು ಬೇಡವೇ ಬೇಡ ಎಂದು ಅವಳಿಗೆ ಗೊತ್ತಿದ್ದರೆ ಇಡೀ ಮನೆ ಉಳಿಯುತ್ತದೆ.

ನಾವು ತಿದ್ದಿಕೊಳ್ಳಬೇಕಾದದ್ದು

ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ಅಂಕಪಟ್ಟಿ, ಹುಟ್ಟಿದ ದಿನಾಂಕ, ಆಧಾರ್ ಪ್ರತಿ ಅಲ್ಲಿಗೆ ಬರಬಾರದು. ಶಾಲಾ ವಾರ್ಷಿಕೋತ್ಸವದ ಫೋಟೊ ಹಾಕುವ ಮೊದಲು ಪೋಷಕರನ್ನು ಕೇಳಿ, ಮಗುವನ್ನೂ ಕೇಳಿ. ಮಗುವಿನೊಂದಿಗೆ ಖಾಸಗಿಯಾಗಿ ಚಾಟ್ ಮಾಡಬೇಡಿ, ಪೋಷಕರ ಫೋನಿಗೇ ತಿಳಿಸಿ. ಹೊಸ ಕಲಿಕಾ ಆ್ಯಪ್ ಹಾಕಿಸುವ ಮುನ್ನ ಅದು ಏನೇನು ಮಾಹಿತಿ ಕೇಳುತ್ತದೆ ನೋಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ ಆ್ಯಪ್‌ನಲ್ಲಿ ಪಾಠ ನೋಡಲು ಲಾಗಿನ್ ಕೂಡ ಬೇಕಿಲ್ಲ.

ಪೋಷಕರ ಸಭೆಯಲ್ಲಿ ಹದಿನೈದು ನಿಮಿಷ

ಭಾಷಣ ಬೇಡ. ಎಲ್ಲರೂ ಫೋನ್ ಹೊರತೆಗೆಯಲಿ, ಕೂತಲ್ಲೇ ಮಾಡಿಸಿ. ವಾಟ್ಸ್‌ಆ್ಯಪ್‌ನ ಪ್ರೈವೆಸಿಯಲ್ಲಿ ಗುಂಪಿಗೆ ಸೇರಿಸುವ ಅವಕಾಶ ಪರಿಚಿತರಿಗೆ ಮಾತ್ರ, ಎರಡು ಹಂತದ ಪರಿಶೀಲನೆಗೆ ಆರಂಕಿಯ ಪಿನ್, ಯೂಟ್ಯೂಬ್‌ನಲ್ಲಿ ರೆಸ್ಟ್ರಿಕ್ಟೆಡ್ ಮೋಡ್. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಎರಡರ ನಿಯಮದಲ್ಲೂ ಕನಿಷ್ಠ ವಯಸ್ಸು 13. ಆರನೇ ತರಗತಿಯ ಮಗುವಿಗೆ ಸಾಮಾನ್ಯವಾಗಿ ಹನ್ನೊಂದೋ ಹನ್ನೆರಡೋ. ‘ಬಂದು ಹೇಳಿದ ಮಗುವಿನ ಫೋನ್ ಕಿತ್ತುಕೊಳ್ಳಬೇಡಿ’ ಎಂದು ಕೈಮುಗಿದು ಕೇಳಿಕೊಳ್ಳಿ. ನಾನು ಪ್ರತಿ ವರ್ಷ ಕೇಳಿಕೊಳ್ಳುತ್ತೇನೆ.

ಮಗು ಬಂದು ಹೇಳಿದಾಗ

ಬಾಗಿಲು ತೆರೆದಿರುವ, ಆದರೆ ಬೇರೆಯವರಿಗೆ ಕೇಳಿಸದ ಜಾಗದಲ್ಲಿ ಕೂರಿಸಿ. ‘ಹೇಳಿದ್ದು ಒಳ್ಳೆಯದಾಯಿತು’ ಎಂಬುದು ನಿಮ್ಮ ಮೊದಲ ಮಾತಾಗಲಿ. ‘ಯಾಕೆ ಕಳಿಸಿದೆ?’ ಎಂದು ಕೇಳಬೇಡಿ. ಬೆದರಿಸಿದವನಿಗೆ ಹಣವನ್ನಾಗಲಿ ಇನ್ನೊಂದು ಫೋಟೊವನ್ನಾಗಲಿ ಕಳಿಸಕೂಡದು. ಚಾಟ್ ಅಳಿಸಬೇಡಿ, ಖಾತೆಯ ಹೆಸರು, ನಂಬರ್, ಸಮಯ ಬರೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿಸಿ.

ಮಗುವಿನ ಖಾಸಗಿ ಚಿತ್ರ ಇದ್ದರೆ ಅದನ್ನು ಸಾಕ್ಷ್ಯಕ್ಕೆಂದು ನಿಮ್ಮ ಫೋನಿಗೆ ಹಾಕಿಕೊಳ್ಳಬೇಡಿ, ಮುಖ್ಯ ಶಿಕ್ಷಕರಿಗೂ ಕಳಿಸಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅಡಿ ಅಂಥ ಚಿತ್ರವನ್ನು ಡೌನ್‌ಲೋಡ್ ಮಾಡುವುದು, ಹಂಚುವುದು ಅಪರಾಧ. ಆ ಫೋನನ್ನು ಹಾಗೆಯೇ ಪೊಲೀಸರಿಗೆ ತೋರಿಸಿ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಸೈಬರ್ ದೂರು ತೆಗೆದುಕೊಳ್ಳುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಮೇಲಿನ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅದು ಚಿತ್ರದ ಡಿಜಿಟಲ್ ಗುರುತನ್ನಷ್ಟೇ ತೆಗೆದುಕೊಳ್ಳುತ್ತದೆ, ಚಿತ್ರ ಆ ಫೋನಿನಿಂದ ಹೊರಗೆ ಹೋಗುವುದಿಲ್ಲ.

ಮರುದಿನ ಮಗು ತರಗತಿಗೆ ಬಂದಾಗ ಅನುಕಂಪದ ಕಣ್ಣಲ್ಲಿ ನೋಡಬೇಡಿ. ಸಿಬ್ಬಂದಿ ಕೊಠಡಿಯಲ್ಲಿ ಆ ಹೆಸರು ಓಡಾಡದಂತೆ ನೋಡಿಕೊಳ್ಳಿ. ಎಲ್ಲರಂತೆ ಅವಳ ಹಾಜರಿ ಕೂಗಿ, ಎಲ್ಲರಂತೆ ಅವಳನ್ನೂ ಬೋರ್ಡಿಗೆ ಕರೆದು ಭಿನ್ನರಾಶಿಯ ಲೆಕ್ಕ ಮಾಡಿಸಿ. ಮಧ್ಯಾಹ್ನ ಊಟದ ಸಾಲಿನ ಹತ್ತಿರ ಹಾದುಹೋಗುವಾಗ ತಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿ.